ನೀರು ತುಂಬಿದೆ, ಹಕ್ಕಿ ಮಾತ್ರ ಬರುತ್ತಿಲ್ಲ. ಯಾಕೆ?

ಪ್ರಶ್ನೆ: ನದಿ ಕಣಿವೆಗಳು ವಲಸೆ ಹಕ್ಕಿಗಳಿಗೆ ಆಸರೆ ಎಂದು ಓದುತ್ತಲೇ ಇರುತ್ತೇವೆ. ಹಾಗಿದ್ದರೆ ಅಣೆಕಟ್ಟು ಕಟ್ಟಿ ವರ್ಷವಿಡೀ ನೀರು ನಿಲ್ಲಿಸಿದ ಕಡೆ ಹಕ್ಕಿ ಜಾಸ್ತಿ ಆಗಬೇಕಿತ್ತು. ಬಹಳ ಕಡೆ ಕಡಿಮೆ ಆಗಿವೆಯಂತೆ. ನದಿ ಕಣಿವೆ ಇವಕ್ಕೆ ನಿಜವಾಗಿ ಕೊಡುವುದೇನು? ದಂಡೆಯಲ್ಲಿ ಮರ ನೆಟ್ಟರೆ ಸಹಾಯ ಆಗುತ್ತದೆಯೇ?

ಉತ್ತರ: ಹಕ್ಕಿಗೆ ನೀರು ಬೇಕು, ನೀರು ಜಾಸ್ತಿ ಆದರೆ ಹಕ್ಕಿಯೂ ಜಾಸ್ತಿ. ಈ ಲೆಕ್ಕವನ್ನು ನಾನೂ ಬಹಳ ದಿನ ನಂಬಿದ್ದೆ. ಹಕ್ಕಿ ಎಣಿಸಲು ಕಲಿಯುತ್ತಿದ್ದ ಕಾಲದಲ್ಲಿ ಒಂದು ದೊಡ್ಡ ಜಲಾಶಯದ ಅಂಚಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ದುರ್ಬೀನು ಹಿಡಿದು ಕೂತಿದ್ದೆ. ಕಣ್ಣು ಹಾಯುವಷ್ಟು ದೂರ ನೀರು. ಕಂಡದ್ದು ಹತ್ತೋ ಹನ್ನೆರಡೋ ನೀರುಕಾಗೆ. ಬೇಸರದಿಂದ ವಾಪಸ್ ಹೊರಟೆ. ದಾರಿಯಲ್ಲಿ ಹಿನ್ನೀರು ಇಳಿದು ಕೆಸರಾಗಿದ್ದ ಒಂದು ತಗ್ಗು ಸಿಕ್ಕಿತು. ಒಂದು ಸಣ್ಣ ಅಂಗಳದಷ್ಟು ಜಾಗ, ಅಷ್ಟೇ. ಅಲ್ಲಿದ್ದ ಹಕ್ಕಿಗಳನ್ನು ಎಣಿಸಿ ಮುಗಿಸಲು ಒಂದು ಗಂಟೆ ಹಿಡಿಯಿತು.

ನದಿ ಕಣಿವೆಯ ಗುಟ್ಟು ಆ ತಗ್ಗಿನಲ್ಲಿದೆ. ನೀರು ಇರುವುದಕ್ಕಿಂತ ನೀರು ಏರಿ ಇಳಿಯುವುದು ಮುಖ್ಯ. ಅದೂ ಹಕ್ಕಿ ಬರುವ ಹೊತ್ತಿಗೆ ಸರಿಯಾಗಿ ಇಳಿಯಬೇಕು.

ಮೊದಲು ಹಕ್ಕಿ ದಾರಿಯಲ್ಲಿ ಇಳಿಯುವುದು ಯಾಕೆ ಅಂತ ನೋಡೋಣ. ವಲಸೆ ಎಂದರೆ ಹಾರಾಟ ಎಂದೇ ನಮ್ಮ ಕಲ್ಪನೆ. ಆದರೆ ಸಣ್ಣ ಹಕ್ಕಿಯ ವಲಸೆಯಲ್ಲಿ ಹೆಚ್ಚಿನ ದಿನಗಳು ನೆಲದ ಮೇಲೆ ಕಳೆಯುತ್ತವೆ. ಉತ್ತರ ಅಮೆರಿಕದಲ್ಲಿ ಥ್ರಶ್ ಹಕ್ಕಿಗಳಿಗೆ ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್ ಅಂಟಿಸಿ, ರಾತ್ರಿಯೆಲ್ಲ ಅವುಗಳ ಹಿಂದೆ ಕಾರು ಓಡಿಸಿ ಲೆಕ್ಕ ಹಾಕಿದವರಿದ್ದಾರೆ. 2003ರಲ್ಲಿ ಅವರ ಲೆಕ್ಕ ಪ್ರಕಟವಾಯಿತು. ಇಡೀ ಪ್ರಯಾಣಕ್ಕೆ ಖರ್ಚಾದ ಶಕ್ತಿಯಲ್ಲಿ ಹಾರಾಟದ ಪಾಲು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ತಂಗುದಾಣಗಳಲ್ಲಿ ಖರ್ಚು: ಚಳಿ ತಡೆಯಲು, ಊಟ ಹುಡುಕಲು, ಬೇಟೆಗಾರರಿಂದ ತಪ್ಪಿಸಿಕೊಳ್ಳಲು.

ಇಳಿದ ಹಕ್ಕಿ ಸುಮ್ನೆ ವಿಶ್ರಾಂತಿ ತೆಗೆದುಕೊಳ್ಳುವುದಿಲ್ಲ. ಕೊಬ್ಬು ತುಂಬಿಸಿಕೊಳ್ಳುತ್ತದೆ. ಗಾರ್ಡನ್ ವಾರ್ಬ್ಲರ್ ಎಂಬ ಉಲಿಯಕ್ಕಿ ಸಾಮಾನ್ಯ ದಿನಗಳಲ್ಲಿ 18 ಗ್ರಾಂ ಆಸುಪಾಸು ತೂಗುತ್ತದೆ. ಸಹಾರಾ ಮರುಭೂಮಿ ದಾಟುವ ಮುಂಚೆ ಅದೇ ಹಕ್ಕಿ 30 ಗ್ರಾಂ ಮುಟ್ಟುವುದುಂಟು. ಉದ್ದದ ಹಾರಾಟದಲ್ಲಿ ಕೊಬ್ಬಿನ ಜೊತೆಗೆ ಕರುಳು, ಯಕೃತ್ತಿನಂಥ (ಲಿವರ್) ಒಳಗಿನ ಅಂಗಗಳೂ ಕುಗ್ಗುತ್ತವೆ. ಹಾಗಾಗಿ ಆ ಕಡೆ ಇಳಿದ ಮೊದಲ ಒಂದೆರಡು ದಿನ ಎದುರಿಗೆ ಊಟ ಇದ್ದರೂ ಹೊಟ್ಟೆ ಪೂರ್ತಿ ಕೆಲಸ ಮಾಡುವುದಿಲ್ಲ. ಅಂಥ ಸ್ಥಿತಿಯಲ್ಲಿರುವ ಹಕ್ಕಿಗೆ ಸುಲಭವಾಗಿ ಸಿಗುವ, ಮೆತ್ತಗಿನ, ಪುಷ್ಟಿಯ ಆಹಾರ ಬೇಕು. ಅದನ್ನು ಹುಡುಕಿಕೊಂಡು ಅಲೆಯುವ ಶಕ್ತಿ ಅದಕ್ಕಿರುವುದಿಲ್ಲ.

ಇಂಥ ಊಟ ಒಂದೇ ಜಾಗದಲ್ಲಿ, ಒಂದೇ ವಾರದಲ್ಲಿ ರಾಶಿಯಾಗಿ ಸಿಗುವುದು ನೀರು ಇಳಿಯುತ್ತಿರುವ ದಂಡೆಯಲ್ಲಿ.

ಅಂಥ ದಂಡೆಯಲ್ಲಿ ಒಮ್ಮೆ ಕೂತು ನೋಡಿ. ನಿನ್ನೆ ನೀರಿನಡಿ ಇದ್ದ ಒಂದು ಗೇಣು ಕೆಸರು ಇವತ್ತು ಬಯಲಾಗಿದೆ. ಅದರೊಳಗೆ ಕೆಂಪು ಹುಳ, ಸಣ್ಣ ಬಸವನಹುಳು, ನೊಣದ ಮರಿಹುಳುಗಳು ಇವೆ. ಗಿಡ್ಡ ಕೊಕ್ಕಿನ ಗೊರವಗಳು ಓಡೋಡಿ ಮೇಲಿನ ಪದರದಲ್ಲೇ ಹೆಕ್ಕುತ್ತವೆ. ಉದ್ದ ಕೊಕ್ಕಿನವು ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕನ್ನು ಇಳಿಸಿ ಎತ್ತಿ ಇಳಿಸಿ ಆಳದ್ದನ್ನು ಹಿಡಿಯುತ್ತವೆ. ಅದರಾಚೆ, ಕಾಲು ಮುಳುಗುವಷ್ಟು ನೀರಿನಲ್ಲಿ ಉದ್ದ ಕಾಲಿನವು. ಇನ್ನೂ ಆಚೆ, ಒಂದು ಗೇಣು ನೀರಿನಲ್ಲಿ, ಬಾಲ ಮೇಲೆ ಮಾಡಿ ತಲೆ ಕೆಳಗೆ ಮುಳುಗಿಸಿ ಬೇರು, ಬೀಜ ಕೀಳುವ ಬಾತುಗಳು. ಯಾರ ಕಾಲು, ಕೊಕ್ಕು, ಕತ್ತು ಎಷ್ಟುದ್ದವೋ ಅವರ ಪಾಲು ಅಷ್ಟು ಆಳದಲ್ಲಿ. ಹತ್ತು ಮೀಟರ್ ಅಗಲದ ಪಟ್ಟಿಯಲ್ಲಿ ಆರೇಳು ಜಾತಿಗಳು ಜಗಳವಿಲ್ಲದೆ ಉಣ್ಣುತ್ತವೆ.

ನಾಳೆ ನೀರು ಇನ್ನೊಂದು ಗೇಣು ಹಿಂದೆ ಸರಿಯುತ್ತದೆ. ಇಡೀ ಪಂಕ್ತಿಯೂ ಸರಿಯುತ್ತದೆ. ಹೊಸ ಕೆಸರು, ಹೊಸ ಊಟ. ಜಲಾಶಯದ ಕಡಿದಾದ ಅಂಚಿನಲ್ಲಿ ಇದು ಆಗುವುದೇ ಇಲ್ಲ. ಅಲ್ಲಿ ಒಂದು ಹೆಜ್ಜೆ ಒಣ ನೆಲ, ಮುಂದಿನ ಹೆಜ್ಜೆ ಆಳ ನೀರು. ನಡುವೆ ಇರಬೇಕಾದ ಊಟದ ಪಟ್ಟಿಯೇ ಇಲ್ಲ. ನನಗೆ ಅವತ್ತು ನೀರುಕಾಗೆ ಮಾತ್ರ ಕಂಡದ್ದು ಅದಕ್ಕೇ. ಆಳಕ್ಕೆ ಮುಳುಗಿ ಮೀನು ಹಿಡಿಯುವ ಹಕ್ಕಿ ಅದು. ಅದಕ್ಕೆ ಜಲಾಶಯ ಸ್ವರ್ಗ.

ಕೆಸರು ಎಂದರೆ ಹುಳ ಅಷ್ಟೇ ಎಂದುಕೊಂಡಿದ್ದ ತಜ್ಞರೂ ಒಮ್ಮೆ ಬೆಪ್ಪಾಗಿದ್ದಾರೆ. ಕೆನಡಾದ ಫ್ರೇಸರ್ ನದಿ ಸಮುದ್ರ ಸೇರುವ ಕಡೆ ಕೆಸರಿನ ಬಯಲುಗಳಿವೆ. ಅಲಾಸ್ಕಾ ಕಡೆ ಹೋಗುವ ವೆಸ್ಟರ್ನ್ ಸ್ಯಾಂಡ್‌ಪೈಪರ್ ಎಂಬ ಪುಟ್ಟ ಗೊರವಗಳು ಅಲ್ಲಿ ಇಳಿಯುತ್ತವೆ. ಅವು ಕೆಸರಿನ ಮೇಲ್ಮೈಯನ್ನೇ ನೆಕ್ಕುತ್ತವೆ. ಪಾಚಿ, ಬ್ಯಾಕ್ಟೀರಿಯಾ, ಅವು ಸುರಿಸಿದ ಅಂಟು ಎಲ್ಲ ಸೇರಿ ಆಗುವ ತೆಳು ಲೋಳೆ ಪದರ ಅದು. ಈ ಹಕ್ಕಿಗೆ ಅದನ್ನು ಬಳಿದುಕೊಳ್ಳಲು ನಾಲಗೆಯ ಅಂಚಿನಲ್ಲಿ ಬಿರುಗೂದಲಿನಂಥ ರಚನೆ ಇದೆ. ದಿನದ ಶಕ್ತಿಯಲ್ಲಿ ಸುಮಾರು ಅರ್ಧ ಆ ಲೋಳೆಯಿಂದಲೇ ಬರುತ್ತದೆ ಎಂದು 2008ರ ಅಧ್ಯಯನ ಹೇಳಿತು. ನಮ್ಮ ಕಣ್ಣಿಗೆ ಅದು ಬರೀ ಜಾರುವ ಕೆಸರು. ಬಂದರು ಕಟ್ಟುವವರ ನಕ್ಷೆಯಲ್ಲಿ ಖಾಲಿ ಜಾಗ.

ನೀರಿನಿಂದ ದಂಡೆಗೆ ಬರುವ ಇನ್ನೊಂದು ಊಟ ರೆಕ್ಕೆ ಕಟ್ಟಿಕೊಂಡೇ ಬರುತ್ತದೆ. ಮೇಫ್ಲೈಯಂಥ ಕೀಟಗಳು ಬಾಲ್ಯವನ್ನೆಲ್ಲ ಹೊಳೆಯ ಕಲ್ಲುಗಳಡಿ ಕಳೆದು, ಒಂದು ದಿನ ಸಾವಿರಗಟ್ಟಲೆ ಒಟ್ಟಿಗೆ ಮೇಲೆದ್ದು ಹಾರುತ್ತವೆ. ಜಪಾನಿನ ಹೊಕ್ಕೈಡೋ ದ್ವೀಪದ ಒಂದು ಸಣ್ಣ ಕಾಡುಹೊಳೆಯಲ್ಲಿ ಶಿಗೆರು ನಕಾನೊ ಮತ್ತು ಮಸಾಶಿ ಮುರಕಾಮಿ ಇದನ್ನು ಅಳೆದರು. ಹೊಳೆಬದಿಯ ಕಾಡಿನ ಹಕ್ಕಿಗಳಿಗೆ ವರ್ಷದಲ್ಲಿ ಸಿಗುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಹೊಳೆಯಿಂದ ಎದ್ದ ಕೀಟಗಳದ್ದು. ನನಗೆ ಇಷ್ಟವಾದದ್ದು ಆ ಅಂಕಿಗಿಂತ ಅದರ ಸಮಯ. ಚಳಿ ಮುಗಿದು ಮರ ಚಿಗುರುವ ಹೊತ್ತಿಗೆ ಕಾಡಿನೊಳಗೆ ಕಂಬಳಿಹುಳು ಇನ್ನೂ ಹುಟ್ಟಿರುವುದಿಲ್ಲ. ಆದರೆ ಹೊಳೆಯಿಂದ ಕೀಟ ಏಳುವುದು ಆಗಲೇ ಜೋರಾಗಿರುತ್ತದೆ. ದಕ್ಷಿಣದಿಂದ ವಾಪಸ್ ಬರುವ ವಲಸೆ ಹಕ್ಕಿ ತಲುಪುವುದೂ ಆಗಲೇ. ಕಾಡಿನಲ್ಲಿ ಊಟ ಸಿಗುವ ತನಕ ಹೊಳೆ ಸಾಕುತ್ತದೆ.

ಇಷ್ಟೂ ಒಂದೊಂದು ದಂಡೆಯ ಮಾತಾಯಿತು. ಇಡೀ ಕಣಿವೆಯ ಮಟ್ಟದಲ್ಲಿ ಏರಿಳಿತ ಏನು ಮಾಡುತ್ತದೆ ಎಂದು ನೋಡಲು ಆಫ್ರಿಕಾಕ್ಕೆ ಹೋಗಬೇಕು.

ಮಾಲಿ ದೇಶದಲ್ಲಿ ನೈಜರ್ ನದಿ ಸಮುದ್ರದಿಂದ ಬಹಳ ದೂರದಲ್ಲೇ ಹರಡಿಕೊಂಡು ಒಂದು ಒಳನಾಡಿನ ಮುಖಜಭೂಮಿ ಮಾಡುತ್ತದೆ. ಮೋಪ್ಟಿಯಿಂದ ಟಿಂಬಕ್ಟುವಿನ ಕಡೆಗೆ ಚಾಚಿದ ಪ್ರದೇಶ ಅದು. ಮಳೆ ಬೀಳುವುದು ದೂರದ ಗಿನಿಯ ಬೆಟ್ಟಗಳಲ್ಲಿ. ಆ ನೀರು ನಿಧಾನಕ್ಕೆ ಇಳಿದು ಬಂದು ಇಲ್ಲಿ ನೆರೆಯಾಗುವ ಹೊತ್ತಿಗೆ ಸ್ಥಳೀಯ ಮಳೆಗಾಲ ಮುಗಿದಿರುತ್ತದೆ. ಯುರೋಪಿನ ಬಾತು, ಗೊರವ, ಬಕಗಳು ಬಂದಿಳಿಯುವುದು ಅದೇ ಶರತ್ಕಾಲದಲ್ಲಿ. ಆಮೇಲೆ ಚಳಿಗಾಲವಿಡೀ ನೀರು ಇಳಿಯುತ್ತಾ ಹೋಗುತ್ತದೆ, ದಿನಕ್ಕಿಷ್ಟು ಎಂದು ಹೊಸ ಕೆಸರು ತೆರೆಯುತ್ತಾ ಹೋಗುತ್ತದೆ. ಸುತ್ತಲಿನ ಸಾಹೇಲ್ ಬಯಲು, ಅಂದರೆ ಸಹಾರಾದ ದಕ್ಷಿಣದಂಚಿನ ಒಣ ಪಟ್ಟಿ, ಒಣಗುತ್ತಿರುವಾಗ ಇಲ್ಲಿ ಮಾತ್ರ ಹಸಿರು. ಒಳ್ಳೆಯ ವರ್ಷದಲ್ಲಿ 20 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ನೆಲ ಮುಳುಗುತ್ತದೆ. 1984ರಂಥ ಬರದ ವರ್ಷದಲ್ಲಿ ಅದರ ಅರ್ಧವೂ ಮುಳುಗಲಿಲ್ಲ. ಆಗ ಹಕ್ಕಿಗಳೆಲ್ಲ ಉಳಿದ ಮಡುಗಳಲ್ಲಿ ಕಿಕ್ಕಿರಿಯುತ್ತವೆ. ಊಟ ಬೇಗ ಮುಗಿಯುತ್ತದೆ. ಬಲೆ ಹಾಕುವವರಿಗೂ ಸುಲಭ.

ಇದರ ಪರಿಣಾಮ ಕಂಡದ್ದು ಸಾವಿರಾರು ಕಿಲೋಮೀಟರ್ ದೂರದಲ್ಲಿ. ನೆದರ್ಲೆಂಡ್ಸ್‌ನಲ್ಲಿ ಗೂಡು ಕಟ್ಟುವ ಕೆನ್ನೀಲಿ ಬಕಗಳ ಸಂಖ್ಯೆ ಹಿಂದಿನ ವರ್ಷ ಪಶ್ಚಿಮ ಆಫ್ರಿಕಾದ ಮಳೆ, ನದಿ ಹರಿವು ಎಷ್ಟಿತ್ತೋ ಅದರ ಜೊತೆಗೇ ಏರಿಳಿಯುತ್ತದೆ ಎಂದು 1980ರ ದಶಕದ ಆರಂಭದಲ್ಲೇ ತೋರಿಸಲಾಗಿತ್ತು. ಜೊಂಡಿನಲ್ಲಿ ಬದುಕುವ ಸೆಜ್ ವಾರ್ಬ್ಲರ್ ಕಥೆಯೂ ಅದೇ. ಎಲ್ಲಕ್ಕಿಂತ ದೊಡ್ಡ ಆಘಾತ 1969ರದ್ದು. ಆ ವಸಂತದಲ್ಲಿ ಬ್ರಿಟನ್ನಿಗೆ ವಾಪಸ್ ಬಂದ ವೈಟ್‌ಥ್ರೋಟ್ ಹಕ್ಕಿಗಳು ಹಿಂದಿನ ವರ್ಷಕ್ಕಿಂತ 77 ಶೇಕಡಾ ಕಡಿಮೆ. ಬ್ರಿಟನ್ನಿನಲ್ಲಿ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದು ಸಾಹೇಲ್‌ನ ಮಳೆ. ವೈಟ್‌ಥ್ರೋಟ್ ಪೊದೆಗಾಡಿನ ಹಕ್ಕಿ, ನೇರವಾಗಿ ನದಿಯದ್ದಲ್ಲ. ಆದರೂ ಈ ಉದಾಹರಣೆ ಬಿಡಲು ಮನಸ್ಸಾಗುವುದಿಲ್ಲ. ಒಂದು ಕಡೆ ಹಕ್ಕಿ ಕಡಿಮೆಯಾದರೆ ಕಾರಣ ಇನ್ನೊಂದು ಖಂಡದಲ್ಲಿ ಇರಬಹುದು ಎಂದು ಜಗತ್ತಿಗೆ ಮನದಟ್ಟಾದದ್ದು ಅದರಿಂದ.

ಈಗ ನಿಮ್ಮ ಅಣೆಕಟ್ಟಿನ ಪ್ರಶ್ನೆಗೆ ಬರುತ್ತೇನೆ. ನೈಜರ್‌ನ ಪಶ್ಚಿಮಕ್ಕೆ ಸೆನೆಗಲ್ ನದಿ ಇದೆ. ಅದರ ಬಾಯಿಯ ಹತ್ತಿರ 1986ರಲ್ಲಿ ಡಯಾಮಾ ಅಣೆಕಟ್ಟು ಮುಗಿಯಿತು. ಉದ್ದೇಶ ಒಳ್ಳೆಯದೇ: ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ನದಿಯೊಳಗೆ ನುಗ್ಗುವುದನ್ನು ತಡೆಯುವುದು, ವರ್ಷವಿಡೀ ಬೇಸಾಯಕ್ಕೆ ಸಿಹಿನೀರು ಕೊಡುವುದು. ಅದಕ್ಕೆ ಮುಂಚೆ ಅಲ್ಲಿ ಕೆಲವು ತಿಂಗಳು ಸಿಹಿನೀರಿನ ನೆರೆ, ಕೆಲವು ತಿಂಗಳು ಒಣಗುವ ನೆಲ ಮತ್ತು ಉಪ್ಪು. ಈ ಅದಲುಬದಲಿನಲ್ಲಿ ಯಾವ ಒಂದು ಗಿಡಕ್ಕೂ ಇಡೀ ಜಾಗ ಆಕ್ರಮಿಸಲು ಆಗುತ್ತಿರಲಿಲ್ಲ. ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರು ಸಿಹಿಯಾಗಿ, ಒಂದೇ ಮಟ್ಟದಲ್ಲಿ ನಿಂತಿತು. ಆಪು ಹುಲ್ಲಿಗೆ ಹಬ್ಬ. ಆಳೆತ್ತರ ಬೆಳೆದು ಗೋಡೆಯಂತೆ ಹಬ್ಬಿತು. ಬಾತು ಇಳಿಯಬೇಕಿದ್ದ ತೆರೆದ ನೀರು ಮುಚ್ಚಿಹೋಯಿತು, ಗೊರವದ ಕೆಸರೂ ಇಲ್ಲ. ಕೆಳಭಾಗದಲ್ಲಿ ಉಲ್ಟಾ. ಅಲ್ಲಿಗೆ ನೆರೆಯೇ ಬರದೆ ನೆಲ ಉಪ್ಪಾಗಿ ಬರಡಾಯಿತು. ಅಂದರೆ ಒಂದೇ ಅಣೆಕಟ್ಟು ಒಂದು ಪಕ್ಕದಲ್ಲಿ ನೀರು ಜಾಸ್ತಿ ಮಾಡಿ, ಇನ್ನೊಂದು ಪಕ್ಕದಲ್ಲಿ ಕಡಿಮೆ ಮಾಡಿ, ಎರಡೂ ಕಡೆ ಹಕ್ಕಿಯ ಜಾಗ ಕಿತ್ತುಕೊಂಡಿತು.

ಮುಂದಿನದು ನನಗೆ ಇನ್ನೂ ಮುಖ್ಯ. ಕೆಳಭಾಗದಲ್ಲಿ, ಮಾರಿಟೇನಿಯಾದ ದಂಡೆಯಲ್ಲಿ, 1991ರಲ್ಲಿ ಡಯಾವ್ಲಿಂಗ್ ರಾಷ್ಟ್ರೀಯ ಉದ್ಯಾನ ಘೋಷಿಸಿದರು. ಬೇಲಿ ಹಾಕಿ ಸುಮ್ಮನೆ ಕೂರಲಿಲ್ಲ. ಏರಿಗೆ ತೂಬುಗಳನ್ನಿಟ್ಟು ಹಳೆಯ ನೆರೆಯನ್ನು ಕೈಯಾರೆ ಮಾಡತೊಡಗಿದರು. ಮಳೆಗಾಲದಲ್ಲಿ ನೀರು ಬಿಡುವುದು, ಆಮೇಲೆ ಒಣಗಲು ಬಿಡುವುದು. ಹುಲ್ಲು ಬಂತು, ಮೀನು ಬಂತು, ಹಕ್ಕಿಗಳೂ ದೊಡ್ಡ ಸಂಖ್ಯೆಯಲ್ಲಿ ವಾಪಸ್ ಬಂದವು. ಜೊತೆಗೆ ಅಲ್ಲಿನ ಮೀನುಗಾರರಿಗೂ ದನಗಾಹಿಗಳಿಗೂ ಕೆಲಸ ಮರಳಿತು. ಅಣೆಕಟ್ಟು ಇದ್ದ ಜಾಗದಲ್ಲೇ ಇದೆ. ಬದಲಾದದ್ದು ತೂಬು ತೆರೆಯುವ ತಿಂಗಳು. ಅಣೆಕಟ್ಟು ಬೇಕೋ ಬೇಡವೋ ಎಂಬ ಜಗಳದಲ್ಲೇ ನಾವು ಅರ್ಧ ಆಯುಷ್ಯ ಕಳೆಯುತ್ತೇವೆ. ಆಗಲೇ ಕಟ್ಟಿರುವ ಅಣೆಕಟ್ಟಿನ ಗೇಟು ಯಾವಾಗ, ಎಷ್ಟು ತೆರೆಯಬೇಕು ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಆ ಪ್ರಶ್ನೆಯಿಂದಲೇ ಹೆಚ್ಚು ಹಕ್ಕಿ ಉಳಿಯುತ್ತವೆ.

ಇನ್ನು ಮರ ನೆಡುವ ವಿಷಯ. ಒಂದೇ ಮಾತಿನ ಉತ್ತರ ಇಲ್ಲ. ಎರಡು ನದಿಗಳನ್ನು ತೋರಿಸುತ್ತೇನೆ.

ಮೊದಲನೆಯದು ಅಮೆರಿಕದ ನೆಬ್ರಾಸ್ಕಾದ ಪ್ಲಾಟ್ ನದಿ. ಫೆಬ್ರವರಿ ಮಧ್ಯದಿಂದ ಏಪ್ರಿಲ್ ಆರಂಭದವರೆಗೆ ಐದು ಲಕ್ಷಕ್ಕೂ ಹೆಚ್ಚು ಸ್ಯಾಂಡ್‌ಹಿಲ್ ಕ್ರೌಂಚಗಳು ಅಲ್ಲಿ ಇಳಿಯುತ್ತವೆ. ಪ್ರಪಂಚದಲ್ಲಿರುವ ಆ ಜಾತಿಯ ಹಕ್ಕಿಗಳಲ್ಲಿ ಬಹುಪಾಲು ಇವೇ. ಹಗಲೆಲ್ಲ ಹೊಲಗಳಲ್ಲಿ ಕಟಾವಿನ ಮೇಲೆ ಉಳಿದ ಮೆಕ್ಕೆಜೋಳದ ಕಾಳು ತಿನ್ನುತ್ತವೆ. ಮೆಕ್ಕೆಜೋಳದಿಂದ ಕೊಬ್ಬು ಬರುತ್ತದೆ, ಆದರೆ ಮೊಟ್ಟೆಗೆ ಬೇಕಾದ ಪ್ರೋಟೀನು, ಕ್ಯಾಲ್ಸಿಯಂ ಬರುವುದಿಲ್ಲ. ಅದಕ್ಕೆ ನದಿಯ ಪಕ್ಕದ ಹಸಿ ಹುಲ್ಲುಗಾವಲಿಗೆ ಹೋಗಿ ಎರೆಹುಳು, ಬಸವನಹುಳು ಹುಡುಕುತ್ತವೆ. ಕತ್ತಲಾಗುತ್ತಿದ್ದಂತೆ ಗುಂಪುಗುಂಪಾಗಿ ನದಿಗೆ ಬಂದು, ಪಾದ ಮುಳುಗುವಷ್ಟು ನೀರಿನಲ್ಲಿ, ಮರಳುದಿಬ್ಬಗಳ ನಡುವೆ ನಿಂತೇ ಮಲಗುತ್ತವೆ. ಕಳ್ಳಹೆಜ್ಜೆಯಲ್ಲಿ ಬರುವ ಕೊಯೋಟೆ ನೀರಿಗೆ ಕಾಲಿಟ್ಟರೆ ಸದ್ದಾಗುತ್ತದೆ. ಆ ಸದ್ದೇ ಇವುಗಳ ಕಾವಲು. ಸುತ್ತ ನೂರಾರು ಮೀಟರ್ ಬಯಲಾಗಿ ಕಾಣಬೇಕು, ಮರೆಯಲ್ಲಿ ಏನೂ ಅಡಗಿರಬಾರದು.

ಮೊದಲು ಪ್ರತಿ ವರ್ಷದ ನೆರೆ ಮರಳಿನ ಮೇಲೆ ಹುಟ್ಟಿದ ಸಸಿಗಳನ್ನು ಗುಡಿಸಿಕೊಂಡು ಹೋಗುತ್ತಿತ್ತು. ಮೇಲ್ಭಾಗದ ಅಣೆಕಟ್ಟುಗಳು, ಕಾಲುವೆಗಳು ಆ ನೀರಿನ ದೊಡ್ಡ ಪಾಲನ್ನು ತಿರುಗಿಸಿಕೊಂಡ ಮೇಲೆ ಗುಡಿಸುವವರಿಲ್ಲ. ಮರಳಿನ ಮೇಲೆ ಮರ ಬೆಳೆಯಿತು. ಅಗಲವಾಗಿ ಹೆಣೆದುಕೊಂಡಿದ್ದ ನದಿ ಬಹಳ ಕಡೆ ಕಿರಿದಾದ ಕಾಲುವೆಯಾಯಿತು. ಕ್ರೌಂಚಗಳು ಆ ಕಡೆಗಳನ್ನು ಬಿಟ್ಟು, ಉಳಿದ ಅಗಲದ ಜಾಗಗಳಲ್ಲಿ ಒತ್ತೊತ್ತಾಗಿ ನಿಲ್ಲತೊಡಗಿದವು. ಒತ್ತೊತ್ತಾಗಿ ನಿಂತ ಕಡೆ ರೋಗ ಹರಡುವ ಭಯವೂ ಜಾಸ್ತಿ. ಈಗ ಅಲ್ಲಿ ಪರಿಸರದವರೇ ಯಂತ್ರ ತಂದು ಮರ ಕಡಿಯುತ್ತಾರೆ, ಮರಳುದಿಬ್ಬ ಉಳುತ್ತಾರೆ. ಹಕ್ಕಿ ಉಳಿಸಲು ಮರ ಕಡಿಯುವುದು ಎಂದರೆ ಕೇಳಿದವರು ನಗುತ್ತಾರೆ, ಅಲ್ವಾ?

ಎರಡನೆಯದು ಸ್ಯಾನ್ ಪೆಡ್ರೊ. ಮೆಕ್ಸಿಕೊದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಅರಿಜೋನಾಕ್ಕೆ ಬರುವ, ಅಣೆಕಟ್ಟಿಲ್ಲದ ಸಣ್ಣ ಮರುಭೂಮಿ ನದಿ. ಅಲ್ಲಿ ಕಾಟನ್‌ವುಡ್, ವಿಲೋ ಮರಗಳ ಪಟ್ಟಿಯೇ ಜೀವಾಳ. ಮೆಕ್ಸಿಕೊ ಕಡೆಯಿಂದ ಬರುವ ಪುಟ್ಟ ಹಾಡುಹಕ್ಕಿಗಳು ಒಣ ಬಯಲಿನ ನಡುವೆ ಆ ಹಸಿರು ಗೆರೆಯನ್ನು ನೋಡಿ ಇಳಿಯುತ್ತವೆ. ಇಲ್ಲಿ ಮರ ಹೋದರೆ ಎಲ್ಲವೂ ಹೋಯಿತು.

ಇಲ್ಲೂ ಮರ ಹುಟ್ಟುವುದು ನೀರಿನ ಲಯದಿಂದಲೇ. ಕಾಟನ್‌ವುಡ್ ಬೀಜ ಹತ್ತಿಯಂತೆ ಹಾರುತ್ತದೆ. ಒಂದೆರಡು ವಾರದಲ್ಲಿ ಒದ್ದೆ, ಬಯಲು ಮಣ್ಣು ಸಿಗದಿದ್ದರೆ ಸತ್ತಂತೆ. ಬಿದ್ದು ಮೊಳೆತ ಮೇಲೆ ಬೇರು ಇಳಿಯುತ್ತಿರುವ ತೇವವನ್ನು ಅಟ್ಟಿಸಿಕೊಂಡು ಹೋಗಬೇಕು. ನೀರಿನ ಮಟ್ಟ ದಿನಕ್ಕೆ ಸುಮಾರು 2.5 ಸೆಂಟಿಮೀಟರಿಗಿಂತ ಬೇಗ ಇಳಿದರೆ ಬೇರಿಗೆ ಹಿಡಿಯಲಾಗುವುದಿಲ್ಲ, ಸಸಿ ಒಣಗುತ್ತದೆ. ಗೇಟು ಒಂದೇ ದಿನದಲ್ಲಿ ಮುಚ್ಚಿದರೆ ಒಂದು ತಲೆಮಾರಿನ ಮರಗಳೇ ಇಲ್ಲ. ಹಾಗಾಗಿ ನೆಡುವ ಮುಂಚೆ ಕೇಳಬೇಕಾದ್ದು ಇಷ್ಟು: ಈ ದಂಡೆಯಲ್ಲಿ ಮೊದಲು ಏನಿತ್ತು, ಬಯಲೋ ಕಾಡೋ? ಕಾಡಿದ್ದರೆ ಅದು ತಾನಾಗಿ ಯಾಕೆ ಹುಟ್ಟುತ್ತಿಲ್ಲ?

ನಡುವೆ ಒಂದು ತಪ್ಪು ಕಲ್ಪನೆಯನ್ನೂ ತೆಗೆದುಬಿಡುತ್ತೇನೆ. ನಕ್ಷೆಗಳಲ್ಲಿ ವಲಸೆಯನ್ನು ದಪ್ಪ ಬಾಣದಂತೆ ನದಿಯ ಗುಂಟ ಬರೆದಿರುತ್ತಾರೆ. ಹಕ್ಕಿಗಳು ರಸ್ತೆ ಹಿಡಿದಂತೆ ನದಿ ಹಿಡಿದು ಹೋಗುತ್ತವೆ ಎನಿಸುತ್ತದೆ. ಕೆಲವು ಕಡೆ ಅದು ನಿಜ. ಹಿಮಾಲಯದಲ್ಲಿ ಧವಳಗಿರಿ ಮತ್ತು ಅನ್ನಪೂರ್ಣ ಶಿಖರಗಳ ನಡುವೆ ಕಾಲಿ ಗಂಡಕಿ ಕೊರೆದ ಆಳ ಕಣಿವೆಯಲ್ಲಿ ಡೆಮೊಸೆಲ್ ಕ್ರೌಂಚಗಳು ದಕ್ಷಿಣಕ್ಕೆ ಇಳಿಯುತ್ತವೆ. ಅಲ್ಲಿ ಹೊನ್ನಹದ್ದುಗಳು ಅವಕ್ಕಾಗಿ ಕಾದಿರುತ್ತವೆ. ಅತಿ ಎತ್ತರಕ್ಕೆ ಹಾರುವ ಪಟ್ಟೆತಲೆ ಹೆಬ್ಬಾತು 7,290 ಮೀಟರ್ ಮುಟ್ಟಿದ ದಾಖಲೆ ಇದೆ. ಆದರೆ ಅದೂ ಮೇಲೆಯೇ ತೇಲಿಕೊಂಡು ಹೋಗುವುದಿಲ್ಲ. ನೆಲದ ಏರಿಳಿತಕ್ಕೆ ಅಂಟಿಕೊಂಡು, ಕಣಿವೆ ಸಿಕ್ಕಲ್ಲೆಲ್ಲ ಇಳಿದು, ದಟ್ಟ ಗಾಳಿಯಲ್ಲಿ ಹಾರುತ್ತದೆ. ಬಹುಪಾಲು ಹಾಡುಹಕ್ಕಿಗಳು ಮಾತ್ರ ರಾತ್ರಿ ಹೊತ್ತು ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿಕೊಂಡು ಹಾರುತ್ತವೆ. ಅವಕ್ಕೆ ನದಿ ದಾರಿಯಲ್ಲ. ಬೆಳಗಾದಾಗ ಕೆಳಗೆ ಕಾಣುವ ಇಳಿಯುವ ಜಾಗ.

ಈ ವ್ಯತ್ಯಾಸದಿಂದ ಒಂದು ಪ್ರಯೋಜನ ಇದೆ. ಸ್ಯಾನ್ ಪೆಡ್ರೊ ಸುತ್ತ ನಡೆದ, 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನದಿಯ ಉದ್ದನೆಯ ಕಾಡನ್ನೂ ಅಲ್ಲಲ್ಲಿ ಒಂಟಿಯಾಗಿದ್ದ ಸಣ್ಣ ಹಸಿರು ತುಣುಕುಗಳನ್ನೂ ಹೋಲಿಸಿದರು. ದಾರಿಹೋಕ ಹಕ್ಕಿಗಳ ಮಟ್ಟಿಗೆ ಆ ಸಣ್ಣ ತುಣುಕುಗಳು ಏನೂ ಕಡಿಮೆ ಇರಲಿಲ್ಲ. ಗೂಡು ಕಟ್ಟಲು ದೊಡ್ಡ ಕಾಡು ಬೇಕಾಗಬಹುದು. ಎರಡು ದಿನ ಉಂಡು ಹೋಗುವವರಿಗೆ ಚಿಕ್ಕ ಜಾಗವೂ ಸಾಕು. ಆದ್ದರಿಂದ ಇಷ್ಟು ಚಿಕ್ಕ ತಗ್ಗು ಉಳಿಸಿ ಏನು ಉಪಯೋಗ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ.

ಹಾಳಾದ ನದಿ ಎಷ್ಟು ನೀರಿಗೆ ಎಚ್ಚರಗೊಳ್ಳುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಕೊಲರಾಡೊ ನದಿ ಬಹಳ ವರ್ಷಗಳಿಂದ ಸಮುದ್ರ ಮುಟ್ಟುವುದನ್ನೇ ನಿಲ್ಲಿಸಿತ್ತು. ಅಮೆರಿಕ ಮತ್ತು ಮೆಕ್ಸಿಕೊ ಒಪ್ಪಂದ ಮಾಡಿಕೊಂಡು 2014ರ ಮಾರ್ಚ್ 23ರಿಂದ ಸುಮಾರು ಎಂಟು ವಾರ 13 ಕೋಟಿ ಘನ ಮೀಟರ್ ನೀರು ಬಿಟ್ಟವು. ಆ ನದಿಯ ಹಳೆಯ ವಾರ್ಷಿಕ ಹರಿವಿನ ಶೇಕಡಾ ಒಂದರಷ್ಟೂ ಅಲ್ಲ. ಕಾಟನ್‌ವುಡ್, ವಿಲೋ ಬೀಜ ಉದುರುವ ಕಾಲ ನೋಡಿಕೊಂಡೇ ಬಿಟ್ಟದ್ದು. ನದಿ ಸಮುದ್ರ ಮುಟ್ಟಿತು. ಸಸಿ ಎದ್ದವು, ಹಕ್ಕಿಗಳ ಸಂಖ್ಯೆ ಏರಿತು. ಮುಂದಿನ ವರ್ಷಗಳಲ್ಲಿ ಅಷ್ಟು ನೀರು ಮತ್ತೆ ಬರಲಿಲ್ಲ, ಏರಿಕೆಯೂ ನಿಧಾನಕ್ಕೆ ಕರಗಿತು. ಒಂದು ಸಲದ ನೆರೆ ಒಂದು ಸಲದ ಊಟ, ಅಷ್ಟೇ.

ನೀವೇ ನೋಡಬೇಕೆಂದಿದ್ದರೆ ಒಂದು ಕೋಲು ಸಾಕು. ವಲಸೆ ಹಕ್ಕಿ ಬರುವ ಕಾಲಕ್ಕೆ ಒಂದು ತಿಂಗಳು ಮುಂಚೆ, ಇಳಿಜಾರು ದಂಡೆಯಲ್ಲಿ ನೀರಿನಂಚಿಗೆ ಸೆಂಟಿಮೀಟರ್ ಗುರುತು ಹಾಕಿದ ಕೋಲು ನೆಡಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ಹೋಗಿ ನೀರು ಎಷ್ಟು ಇಳಿದಿದೆ, ಎಷ್ಟು ಹೆಜ್ಜೆ ಕೆಸರು ತೆರೆದಿದೆ, ಅದರ ಮೇಲೆ ಎಷ್ಟು ಹಕ್ಕಿ ಎಂದು ಬರೆದುಕೊಳ್ಳಿ. ಜಾತಿ ಗುರುತಿಸಲು ಬಾರದಿದ್ದರೂ ಪರವಾಗಿಲ್ಲ. ಕಾಲಿನ ಉದ್ದ ನೋಡಿ ಗಿಡ್ಡ, ಮಧ್ಯಮ, ಉದ್ದ ಎಂದು ಮೂರು ಭಾಗ ಮಾಡಿ. ಎರಡು ಋತುಗಳ ಲೆಕ್ಕ ಕೈಯಲ್ಲಿದ್ದರೆ, ಗೇಟು ಯಾವ ವಾರ ತೆರೆಯಬೇಕು ಎಂದು ನೀರಾವರಿಯವರ ಮುಂದೆ ಕೂತು ಮಾತಾಡಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ.